ಹೆಜ್ಜೆ ಬಿಚ್ಚುವವಳ ಬೂಟು

ಬೂಟು ಹೊಲಿಯುವವನಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು ಮೊಳೆಬಾಯಿ. ಕೆಲಸಕ್ಕೆ ಕೂತನೆಂದರೆ ಚಿಕ್ಕ ಮೊಳೆಗಳನ್ನು ತುಟಿಯ ನಡುವೆ ಸಾಲಾಗಿ ಸಿಕ್ಕಿಸಿಕೊಂಡುಬಿಡುತ್ತಿದ್ದ. ಒಂದೊಂದನ್ನೇ ನಾಲಗೆಯಿಂದ ಮುಂದೆ ತಳ್ಳಿ, ಬೆರಳಿಗೆ ತಗೊಂಡು, ಅಟ್ಟೆಯ ಮೇಲಿಟ್ಟು ಸುತ್ತಿಗೆಯಿಂದ ಒಂದು ಏಟು. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ತಲೆಯಾಡಿಸುವುದೇ ಉತ್ತರ. ಬೂಟು ನಾಳೆ ಕೊಡ್ತೀಯಾ ಎಂದರೆ ತಲೆಯಾಡಿಸುತ್ತಿದ್ದ, ಬರೋ ವರ್ಷ ಕೊಡ್ತೀಯಾ ಎಂದರೂ ತಲೆಯಾಡಿಸುತ್ತಿದ್ದ. ಗಿರಾಕಿಗಳು ಇದಕ್ಕೆ ಒಗ್ಗಿಹೋಗಿದ್ದರು. ಕಷ್ಟವಿದ್ದದ್ದು ಮನೆಯವಳಿಗೆ.

ಆ ದಿನ ನಸುಕಿನಲ್ಲೇ ಅವನಿಗೆ ಎಚ್ಚರವಾಯಿತು. ಪಕ್ಕದಲ್ಲಿ ಹೆಂಡತಿ ಇರಲಿಲ್ಲ. ಅದೇನು ಹೊಸದಲ್ಲ, ಅವಳ ಕೆಲಸವೇ ಹಾಗೆ, ಯಾರೋ ಬಂದು ಕರೆದರೆ ಹೊತ್ತು ಗೊತ್ತು ನೋಡದೆ ಎದ್ದು ಹೋಗಬೇಕು. ಅವನು ಕತ್ತಲಲ್ಲೇ ಬಾಗಿಲಿಗೆ ಅಗುಳಿ ಹಾಕಿ, ಮುಖ ತೊಳೆದು, ಬೀದಿದೀಪ ಒರೆಸುವ ಉದ್ದನೆಯವನ ಬೂಟು ಹಿಡಿದು ಕೂತ. ಉದ್ದನೆಯವರು ಎಂದರೆ ಹೆಸರಿಗೆ ತಕ್ಕ ಹಾಗೆ ಉದ್ದ. ಏಣಿ ಇಲ್ಲದೆ ಕಂಬದ ದೀಪ ಮುಟ್ಟುತ್ತಾರೆ ಎಂದು ಊರು ಅವರಿಗೆ ಆ ಕೆಲಸ ಕೊಟ್ಟಿತ್ತು. ಅವರ ಬೂಟೋ, ಕೂಸನ್ನು ಮಲಗಿಸಬಹುದಾದಷ್ಟು ದೊಡ್ಡದು. ಅಟ್ಟೆ ಬಡಿಯುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಅಂಗಡಿ ತೆಗೆಯುವ ಹೊತ್ತಿಗೆ ಮುಂಚೆಯೇ ಬಂದು ಪ್ರಾಣ ತಿನ್ನುವ ಗಿರಾಕಿಗಳಿಗೆ ಅವನ ಹತ್ತಿರ ಔಷಧಿ ಒಂದೇ, ಕಿವಿ ಕೇಳಿಸದವನಂತೆ ಇರುವುದು. ಯಾರು ಎಂದು ಕೇಳಲು ಬಾಯಲ್ಲಿ ಮೊಳೆ ಬೇರೆ. ಮತ್ತೊಮ್ಮೆ ತಟ್ಟಿದರು. ಅವನು ಸುತ್ತಿಗೆಯನ್ನು ಇನ್ನಷ್ಟು ಜೋರಾಗಿ ಬಡಿದ. ಆಮೇಲೆ ಸದ್ದಿಲ್ಲ. ಸದ್ಯ, ತೊಲಗಿದರು ಎಂದುಕೊಂಡ.

ಬೂಟು ಮುಗಿಸಿ ಬಾಗಿಲು ತೆಗೆದಾಗ ಚೆನ್ನಾಗಿ ಬೆಳಕಾಗಿತ್ತು. ಹಿಂದಿನ ಸಂಜೆಯಷ್ಟೇ ಅವನ ಹೊಸ್ತಿಲಿಂದ ಓಣಿಯ ತುದಿಯ ದೀಪದ ಕಂಬದವರೆಗೂ ಹೊಸ ಸಿಮೆಂಟು ಹಾಕಿದ್ದರು. ಒಣಗುವ ತನಕ ಯಾರೂ ತುಳಿಯಬಾರದು, ಮನೆಗಳ ಜಗಲಿ ಹಿಡಿದೇ ಓಡಾಡಬೇಕು ಎಂದು ಸಾರಿ ಹೋಗಿದ್ದರು. ಕಾವಲಿಗೆ ಬಕೆಟ್ಟು ಬೋರಲು ಹಾಕಿ ಕೂತಿದ್ದವನು ಕಲ್ಲಾಳು ಮೇಸ್ತ್ರಿ. ಕಲ್ಲಾಳುಗಳು ನಿದ್ದೆ ಮಾಡುವುದಿಲ್ಲ, ಬೇಸರಪಡುವುದಿಲ್ಲ, ಅದಕ್ಕೇ ರಸ್ತೆ ಕೆಲಸ ಅವರದು. ಆದರೆ ಒಂದು ತೊಡಕು. ಕಲ್ಲಾಳು ಏನನ್ನಾದರೂ ನೋಡಿದರೆ ಅದಕ್ಕೆ ಮಾತು ಹುಟ್ಟಿ, ಎದೆಯಿಂದ ಎದ್ದು, ಬಾಯಿಗೆ ಬರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಅಂಥವನನ್ನು ಹಸಿ ಸಿಮೆಂಟಿಗೆ ಕಾವಲು ಕೂರಿಸಿದ ಮಹಾನುಭಾವ ಯಾರೋ, ಅವನಿಗೆ ದೊಡ್ಡ ನಮಸ್ಕಾರ.

ಸಿಮೆಂಟಿನ ಮೇಲೆ ಹೆಜ್ಜೆಗಳಿದ್ದವು. ಒಂದೇ ಸಾಲು. ಬೆರಳಿನ ತುದಿ ಬೀದಿಯ ಕಡೆಗೆ, ಹಿಮ್ಮಡಿ ಮನೆಯ ಕಡೆಗೆ.

ನೀವಾಗಿದ್ದರೆ ಯಾರೋ ಮನೆಯಿಂದ ಹೊರಗೆ ಹೋಗಿದ್ದಾರೆ ಎನ್ನುತ್ತಿದ್ದಿರಿ. ಮೊಳೆಬಾಯಿ ಹಾಗನ್ನಲಿಲ್ಲ. "ಓ, ಬಂದಿದ್ದಾಳೆ" ಎಂದುಕೊಂಡು ಒಳಗೆ ಹೋಗಿ ಒಲೆಯ ಮೇಲೆ ಇಬ್ಬರಿಗಾಗುವಷ್ಟು ಚಹಾದ ನೀರಿಟ್ಟ. ಯಾಕೆಂದರೆ ಅವನ ಹೆಂಡತಿ ತಿರುಗಾಲಿನವಳು. ತಿರುಗಾಲಿನವರಿಗೆ ಮುಖ ಮುಂದೆ, ಪಾದ ಹಿಂದೆ. ಅವರು ಹೊರಗೆ ಹೋದರೆ ಹೆಜ್ಜೆಯ ಬೆರಳು ಮನೆಯ ಕಡೆಗಿರುತ್ತದೆ, ಒಳಗೆ ಬಂದರೆ ಬೀದಿಯ ಕಡೆಗೆ. ಮದುವೆಯಾದ ಹೊಸದರಲ್ಲಿ ಅವನು ಎಷ್ಟೋ ಸಲ ಕಕ್ಕಾಬಿಕ್ಕಿಯಾಗಿದ್ದ. ಅವಳು ಅಡುಗೆಮನೆಯಲ್ಲಿದ್ದಾಗ ಊರೆಲ್ಲ ಹುಡುಕಿ, ಊರಲ್ಲಿದ್ದಾಗ ಅಡುಗೆಮನೆಯಲ್ಲಿ ಕೂಗಿ, ಈಗೀಗ ಪಳಗಿದ್ದ.

ನೀರು ಕುದಿಯಿತು. "ಏನೇ, ಚಹಾ" ಎಂದು ಕೂಗಿದ. ಉತ್ತರವಿಲ್ಲ. ಕೋಣೆ ನೋಡಿದ, ಹಿತ್ತಲು ನೋಡಿದ, ಚರ್ಮ ಪೇರಿಸಿದ್ದ ಅಟ್ಟಕ್ಕೆ ಹತ್ತಿ ನೋಡಿದ. ಎಲ್ಲೂ ಇಲ್ಲ. ಮತ್ತೆ ಬಾಗಿಲಿಗೆ ಬಂದು ನಿಂತ. ಬಂದವಳು ಎಲ್ಲಿ ಹೋದಳು? ಅದಿರಲಿ, ಬಂದ ಹೆಜ್ಜೆ ಇದ್ದ ಮೇಲೆ ಮೊದಲು ಹೋದ ಹೆಜ್ಜೆಯೂ ಇರಬೇಕಲ್ಲ? ರಾತ್ರಿ ಮನೆಯಲ್ಲೇ ಮಲಗಿದ್ದವಳು ಹಾರಿಕೊಂಡು ಹೋಗಿ ನಡೆದುಕೊಂಡು ಬಂದಳೇ? ತಲೆ ಕೆಟ್ಟು ಮೊಸರು ಗಡಿಗೆಯಾಯಿತು.

ಜಗಲಿಯಿಂದ ಬಗ್ಗಿ ನೋಡಿದಾಗ ಗೊತ್ತಾಯಿತು. ಅದು ಬೂಟಿನ ಗುರುತು. ಅಂಚಿನ ಸುತ್ತ ಒತ್ತೊತ್ತಾಗಿ ಬಿದ್ದ ಹೊಲಿಗೆ ಅವನದೇ ಕೈಯದು. ಬೆರಳಿನ ಜಾಗದಲ್ಲಿ ಮಾತ್ರ ಎಲ್ಲ ಕಲಸಿಕೊಂಡಿತ್ತು, ಸಿಮೆಂಟು ಕುಸಿದಿರಬೇಕು ಎಂದುಕೊಂಡ. ಒಳಗೆ ಓಡಿ ಗೂಡು ನೋಡಿದರೆ ನೇರ ಬೂಟು ಇರಲಿಲ್ಲ.

ಅವನ ಮುಖ ಊರಗಲವಾಯಿತು. ಕೊನೆಗೂ ಹಾಕಿಕೊಂಡಳಲ್ಲ.

ಆ ಬೂಟಿನ ಕಥೆ ಇಷ್ಟು. ಅವಳ ಜೊತೆ ಪೇಟೆಗೆ ಹೋದಾಗಲೆಲ್ಲ ಜನ ತಿರುಗಿ ತಿರುಗಿ ನೋಡುತ್ತಿದ್ದರು. ಯಾರದಾದರೂ ಮನೆಯಲ್ಲಿ ಒಬ್ಬರು ಮುನಿಸಿಕೊಂಡು ಹೊರಟುಹೋದರೆ ಅದೇ ಜನ ಇವಳ ಕಾಲು ಹಿಡಿಯಲು ಬರುತ್ತಿದ್ದರು. ತಿರುಗಾಲಿನವರ ಕಸುಬು ಹೆಜ್ಜೆ ಬಿಚ್ಚುವುದು. ಹೋದವರ ಜಾಡು ಹಿಡಿದು ಹೋಗಿ, ಅವರನ್ನು ಕಂಡು, ಪಕ್ಕದಲ್ಲಿ ಕೂತು ಅವರ ಮಾತು ಕೇಳಿ, ಆಮೇಲೆ ಅವರು ಇಟ್ಟು ಹೋದ ಹೆಜ್ಜೆಯ ಮೇಲೇ ಕಾಲಿಡುತ್ತ ಮನೆಯ ಕಡೆ ನಡೆಯುವುದು. ಬೆರಳಿಗೆ ಬೆರಳು, ಹಿಮ್ಮಡಿಗೆ ಹಿಮ್ಮಡಿ ಕೂಡುವಂತೆ ಹಾಗೆ ಮನೆಗೆ ನಡೆಯುವುದು ತಿರುಗಾಲಿನವರಿಗಲ್ಲದೆ ಬೇರೆ ಯಾರಿಗೂ ಆಗುವ ಮಾತಲ್ಲ. ಹೊಲಿಗೆ ಬಿಚ್ಚಿದಂತೆ ಹೋದ ದಾರಿಯೆಲ್ಲ ಬಿಚ್ಚಿಕೊಳ್ಳುತ್ತದೆ, ಹೋದವರು ಹಿಂದೆಯೇ ಬರುತ್ತಾರೆ. ಇಷ್ಟೆಲ್ಲ ಮಾಡಿಸಿಕೊಂಡ ಜನವೇ ಪೇಟೆಯಲ್ಲಿ ಅವಳ ಕಾಲು ಕಂಡರೆ ಮಕ್ಕಳ ಕಣ್ಣು ಮುಚ್ಚುತ್ತಿದ್ದರು. ಮೊಳೆಬಾಯಿಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಗುಟ್ಟಾಗಿ ಒಂದು ಜೊತೆ ಹೊಲಿದ. ಮುಂದಕ್ಕೆ ಸುಳ್ಳು ತುದಿ ಇಟ್ಟು, ಒಳಗೆ ಬಿರಡೆಯ ತುಂಡು ತುಂಬಿ, ಅವಳ ನಿಜವಾದ ಬೆರಳು ಹಿಂಭಾಗದಲ್ಲಿ ಹಿತವಾಗಿ ಕೂರುವಂತೆ ಮೆತ್ತೆ ಹಾಕಿ. ಹಾಕಿಕೊಂಡು ನಡೆದರೆ ಯಾರಿಗೂ ಏನೂ ಗೊತ್ತಾಗದು.

ಮೊನ್ನೆ ಕೆಲಸದ ನಡುವೆಯೇ ಅದನ್ನು ತೆಗೆದು ಅವಳ ಮುಂದಿಟ್ಟಿದ್ದ. ಅವಳು ಎಷ್ಟೋ ಹೊತ್ತು ನೋಡಿದಳು.

"ಇದು ನನಗೇನಾ?" ಎಂದಳು.

ತಲೆಯಾಡಿಸಿದ. ಬಾಯಲ್ಲಿ ಮೊಳೆ.

"ಚೆನ್ನಾಗಿ ಯೋಚನೆ ಮಾಡಿಯೇ ಕೊಡ್ತಿದ್ದೀರಾ?"

ಇನ್ನೂ ಜೋರಾಗಿ ತಲೆಯಾಡಿಸಿದ. ಅವಳು ಬೂಟನ್ನು ಗೂಡಿನಲ್ಲಿಟ್ಟು ಒಳಗೆ ಹೋದಳು. ಆಮೇಲೆ ಎರಡು ದಿನ ಮಾತಿಗೆ ಮಾತು ಸೇರಲಿಲ್ಲ. ಖುಷಿಗೆ ಗಂಟಲು ಕಟ್ಟಿದೆ ಎಂದುಕೊಂಡಿದ್ದ ಈ ಪುಣ್ಯಾತ್ಮ.

ಅವನು ಚಹಾ ಲೋಟ ಹಿಡಿದು ಹಲ್ಲು ಬಿಟ್ಟುಕೊಂಡು ಬಾಗಿಲಲ್ಲಿ ನಿಂತಿರುವಾಗ ಅತ್ತೆ ಬಂದಳು. ಅವಳ ಮನೆ ಹಿಂದಿನ ಬೀದಿಯಲ್ಲಿ. ದಿನವೂ ಬೆಳಿಗ್ಗೆ ಮಗಳ ಮನೆಯ ಚಹಾ ಕುಡಿದು, ಅದಕ್ಕೆ ಹೆಸರಿಟ್ಟು ಹೋಗದಿದ್ದರೆ ಅವಳಿಗೆ ದಿನ ಸಾಗದು. ಕೋಲೂರಿಕೊಂಡು, ತಿರುಗಿದ ಪಾದಗಳನ್ನು ಜಗಲಿಯ ಮೇಲೆ ಒಂದೊಂದೇ ಇಡುತ್ತ, ಸಿಮೆಂಟಿನವರ ಏಳು ತಲೆಮಾರನ್ನು ಬೈಯುತ್ತ ಬರುತ್ತಿದ್ದಳು.

"ಏನ್ ಅಳಿಯಂದ್ರೇ, ಬೆಳಿಗ್ಗೆ ಬೆಳಿಗ್ಗೆ ಹಲ್ಲು ಒಣಗಿಸ್ತಿದ್ದೀರಿ?"

"ನಿಮ್ಮ ಮಗಳು ನೇರ ಬೂಟು ಹಾಕ್ಕೊಂಡು ಪೇಟೆಗೆ ಹೋಗಿದ್ದಾಳೆ ಅತ್ತೆ. ನಾನೇ ಮಾಡಿಕೊಟ್ಟಿದ್ದು. ನೋಡಿ, ಹೆಜ್ಜೆ ಎಷ್ಟು ನೇರವಾಗಿ ಬಿದ್ದಿದೆ."

ಅತ್ತೆ ನೋಡಿದಳು. ಕೋಲು ಗೋಡೆಗೆ ಒರಗಿಸಿದಳು. ಜಗಲಿಯ ಮೇಲೆ ಕುಕ್ಕರಿಸಿದಳು. ಬಾಯಿ ತೆರೆದರೆ ಮುಚ್ಚದ ಹೆಂಗಸು, ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮೊಳೆಬಾಯಿಗೆ ಇದರ ತಲೆಬುಡ ತಿಳಿಯಲಿಲ್ಲ.

"ಯಾಕತ್ತೆ? ಮಂಡಿ ನೋವಾ?"

"ನೀವೇ ಕೊಟ್ರಾ? ನಿಮ್ಮ ಕೈಯಾರೆ?"

"ನನ್ನ ಕೈಯಾರೆ. ಯಾಕೆ?"

"ಅವಳೇನು ತಪ್ಪು ಮಾಡಿದ್ಲು ಅಂತ ಹೇಳಿದ್ರಾ, ಅದೂ ಇಲ್ವಾ?"

"ತಪ್ಪಾ? ಯಾವ ತಪ್ಪು? ಜನ ಅವಳ ಕಾಲು ನೋಡಬಾರದು ಅಂತ ಮಾಡಿಕೊಟ್ಟೆ."

ಅತ್ತೆ ಅವನ ಮುಖವನ್ನೇ ದಿಟ್ಟಿಸಿದಳು. ಇವನು ನಾಟಕ ಆಡುತ್ತಿದ್ದಾನೋ ಇಲ್ಲ ನಿಜವಾಗಿಯೂ ಪೆದ್ದನೋ ಎಂದು ತೂಗಿ ನೋಡುವ ಹಾಗೆ. ಪೆದ್ದನೇ ಎಂದು ತೀರ್ಮಾನಕ್ಕೆ ಬಂದ ಮೇಲೆ ಅವಳ ಧ್ವನಿ ಕೊಂಚ ಇಳಿಯಿತು.

"ನೋಡಿ, ನಮ್ಮೋರು ಮನೆಯಿಂದ ಹೊರಟ್ರೆ ಹೆಜ್ಜೆಯ ಬೆರಳು ಮನೆ ಕಡೆಗೇ ಇರುತ್ತೆ. ನಾನೆಲ್ಲಿಗೆ ಹೋದ್ರೂ ವಾಪಸ್ ಇಲ್ಲಿಗೇ ಬರ್ತೀನಿ ಅಂತ ನಾವು ಮನೆಗೆ ಕೊಡೋ ಮಾತು ಅದು. ಬಾಯಲ್ಲಿ ಹೇಳೋದಿಲ್ಲ, ಕಾಲೇ ಹೇಳುತ್ತೆ. ಇನ್ನು ಒಬ್ಬಳನ್ನ ಮನೆಯಿಂದ ಕಳಿಸಿಬಿಡಬೇಕು, ಮತ್ತೆ ಬರೋದು ಬೇಡ ಅಂತಾದ್ರೆ, ನೇರ ಬೂಟು ಮಾಡಿಸಿ ಕೈಗೆ ಕೊಡ್ತಾರೆ. ಬಾಯಿಬಿಟ್ಟು ಹೋಗು ಅನ್ನೋ ಪದ್ಧತಿ ನಮ್ಮಲ್ಲಿಲ್ಲ. ಅವಳು ಅದನ್ನ ಹಾಕ್ಕೊಂಡು, ಮನೆಗೆ ಹಿಮ್ಮಡಿ ತೋರಿಸಿ, ಹೆಜ್ಜೆ ಕಾಣೋ ಹಾಗೆ ನಡೆದು ಹೋಗಬೇಕು. ನೋಡಿ, ಜಗಲಿ ಇದ್ರೂ ಬೇಕಂತಲೇ ಸಿಮೆಂಟಿನ ಮೇಲೆ ಇಟ್ಟಿದ್ದಾಳೆ. ಅಷ್ಟು ಅಚ್ಚುಕಟ್ಟು ನನ್ನ ಮಗಳು."

ಲೋಟ ಅವನ ಕೈಯಿಂದ ಜಾರಿ ಜಗಲಿಯ ಮೇಲೆ ಉರುಳಿತು. ಇಬ್ಬರೂ ಅದನ್ನು ಎತ್ತಲಿಲ್ಲ.

"ನನಗೆ ಯಾರೂ ಹೇಳಲೇ ಇಲ್ಲವಲ್ಲ ಅತ್ತೆ."

"ಮದುವೆ ಮನೇಲಿ ಯಾರಾದ್ರೂ ಬಿಡೋ ವಿಚಾರ ಹೇಳ್ತಾರಾ? ಅವಳೇ ಕೇಳಿರಬೇಕಲ್ಲ ನಿಮ್ಮನ್ನ. ಕೇಳದೆ ಇರೋಳಲ್ಲ."

ಕೇಳಿದ್ದಳು. ಚೆನ್ನಾಗಿ ಯೋಚನೆ ಮಾಡಿಯೇ ಕೊಡ್ತಿದ್ದೀರಾ ಎಂದು ಕೇಳಿದ್ದಳು. ಅವನು ತಲೆಯಾಡಿಸಿದ್ದ, ಅದೂ ಎರಡೆರಡು ಸಲ. ಅವನಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅಳು ಬಂತು, ಅತ್ತೆಯ ಎದುರಿಗೆ ಹೇಗೆ ಅಳುವುದು ಎಂದು ನುಂಗಿಕೊಂಡ. ಓಣಿಯಾಚೆ ಬಕೆಟ್ಟಿನ ಮೇಲಿದ್ದ ಮೇಸ್ತ್ರಿಯ ಬಳಿಗೆ ಜಗಲಿಯ ಮೇಲೇ ಓಡಿದ.

"ಮೇಸ್ತ್ರಿ, ನನ್ನ ಹೆಂಡತಿ ಎಷ್ಟು ಹೊತ್ತಿಗೆ ಹೋದ್ಲು? ಯಾವ ಕಡೆ ಹೋದ್ಲು? ಏನಾದ್ರೂ ಹೇಳಿದ್ಲಾ?"

ಮೇಸ್ತ್ರಿ ನಿಧಾನವಾಗಿ ತಲೆಯೆತ್ತಿದ. ಬೂದು ಮುಖದಲ್ಲಿ ಏನೋ ಕದಲಿತು. "ಇಲ್ಲ ಸ್ವಾಮಿ," ಎಂದ, "ಒಂದು ಚೀಲ ಸಿಮೆಂಟು ಕಮ್ಮಿ ಬಿದ್ದಿದೆ." ಅದು ನಿನ್ನೆ ಸಂಜೆ ಗುತ್ತಿಗೆದಾರನಿಗೆ ಹೇಳಬೇಕಾಗಿದ್ದ ಮಾತು. ಇವನ ಪ್ರಶ್ನೆಗೆ ಉತ್ತರ ದೀಪ ಹಚ್ಚುವ ಹೊತ್ತಿಗೆ. ಮೊಳೆಬಾಯಿ ಹಣೆ ಹಣೆ ಚಚ್ಚಿಕೊಂಡು ವಾಪಸ್ಸು ಬಂದ.

"ನೀವು ಹೋಗಿ ಅವಳ ಹೆಜ್ಜೆ ಬಿಚ್ಚಿ ಅತ್ತೆ. ನಿಮ್ಮ ಕಸುಬೂ ಅದೇ ಅಲ್ವಾ."

"ಈ ಮಂಡಿ ಇಟ್ಟುಕೊಂಡು ಹೊಸ್ತಿಲು ದಾಟೋಕೇ ನನಗೆ ಬೆಳಗಾಗುತ್ತೆ. ಅಲ್ಲದೆ ನಾನ್ಯಾಕೆ ಹೋಗಲಿ? ಕಳಿಸಿದೋರು ನೀವು. ನನಗೆ ಅವಳು ನಾಳೆಯೂ ಮಗಳೇ."

ಅವನು ಒಳಗೆ ಹೋದ. ತನ್ನ ಬೂಟು ತೆಗೆದು ಮೊಣಕಾಲಿನ ಮೇಲೆ ಬೋರಲಿಟ್ಟುಕೊಂಡ. ಹೊಸ ಅಟ್ಟೆ ಒಂದು ಜೊತೆ ಕತ್ತರಿಸಿ, ಹಿಂದುಮುಂದಾಗಿ, ಬೆರಳಿನ ತುದಿ ಹಿಮ್ಮಡಿಯ ಕೆಳಗೆ, ಹಿಮ್ಮಡಿಯ ದಿಮ್ಮಿ ಬೆರಳಿನ ಕೆಳಗೆ ಬರುವ ಹಾಗೆ ಇಟ್ಟು ಬಡಿಯತೊಡಗಿದ. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

"ಇದೇನು ವೇಷ?"

ಬಾಯಲ್ಲಿ ಮೊಳೆ. ತಲೆಯಾಡಿಸಿದ.

ಆ ಬೂಟು ತೊಟ್ಟು ಎದ್ದು ನಿಂತರೆ ಮೈ ಹಿಂದಕ್ಕೆ ವಾಲುತ್ತಿತ್ತು. ಗೋಡೆ ಹಿಡಿದು ಬಾಗಿಲಿಗೆ ಬಂದ. ಜಗಲಿ ಬಿಟ್ಟು ಸಿಮೆಂಟಿಗೇ ಇಳಿದ. ಅದು ಅರ್ಧ ಬಿಗಿದಿತ್ತು, ಆದರೂ ಗುರುತು ಬಿತ್ತು. ಅವಳ ಹೆಜ್ಜೆಯ ಪಕ್ಕದಲ್ಲಿ ಅವನದೊಂದು ಸಾಲು, ಬೆರಳು ಮನೆಯ ಕಡೆಗೆ. ಓಣಿಯ ತುದಿ ಮುಟ್ಟುವಷ್ಟರಲ್ಲಿ ಒಮ್ಮೆ ಕೂತುಬಿಟ್ಟ, ಸಿಮೆಂಟಿನಲ್ಲಿ ಅದರ ಗುರುತೂ ಬಿತ್ತು. ಅತ್ತೆಗೆ ಆ ಸಂಕಟದಲ್ಲೂ ನಗು ತಡೆಯಲಾಗಲಿಲ್ಲ.

ಹೆಜ್ಜೆಗಳು ದೀಪದ ಕಂಬದ ಕಟ್ಟೆಯವರೆಗೆ ಬಂದು ಅಲ್ಲೇ ನಿಂತಿದ್ದವು. ಕಟ್ಟೆಯ ಮೇಲೆ ಒಣಗಿದ ಸಿಮೆಂಟಿನ ಪುಡಿ, ಯಾರೋ ಕೂತು ಬೂಟು ಕೊಡವಿದ ಹಾಗೆ. ಅಲ್ಲಿಂದ ಮುಂದೆ ಹಳೆಯ ಕಲ್ಲುಹಾಸಿನ ಬೀದಿ. ಅದರ ಮೇಲೆ ಒಂದೇ ಒಂದು ಬೂದು ಗುರುತೂ ಇಲ್ಲ. ಸಿಮೆಂಟು ಮೆತ್ತಿದ ಬೂಟಲ್ಲಿ ನಡೆದವಳ ಗುರುತು ಎಲ್ಲಾದರೂ ಬೀಳಬೇಕಲ್ಲ? ಕಂಬವನ್ನು ಮೂರು ಸುತ್ತು ಸುತ್ತಿದ. ತಲೆಯೆತ್ತಿ ದೀಪ ನೋಡಿದ, ಅಲ್ಲೇನು ಅವಳು ಹತ್ತಿ ಕೂತಿರುತ್ತಾಳೆಯೇ. ಕೊನೆಗೆ ಊರು ಬಿಡುವವರು ಬಸ್ ನಿಲ್ದಾಣಕ್ಕಲ್ಲದೆ ಇನ್ನೆಲ್ಲಿಗೆ ಹೋಗುತ್ತಾರೆ ಎಂದು ಆ ಕಡೆ ಹೊರಟ.

ಪೇಟೆಯ ನಡುವೆ ಅವನು ನಡೆದ ಚೆಂದವನ್ನು ಏನೆಂದು ಹೇಳಲಿ. ಎರಡು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ, ನಡುನಡುವೆ ಯಾರದೋ ಅಂಗಡಿಯ ಕಂಬ ತಬ್ಬಿಕೊಳ್ಳುವುದು. ಜನ ತಿರುಗಿ ತಿರುಗಿ ನೋಡಿದರು. ಒಬ್ಬ ತಾಯಿ ಮಗುವಿನ ಕಣ್ಣು ಮುಚ್ಚಿದಳು. ಹಿಂದೆಂದೂ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಎಲ್ಲಿ ಕಣ್ಣಿಡಬೇಕು, ಕೈ ಎಲ್ಲಿಡಬೇಕು ಎಂದು ತೋಚದೆ ನೆಲ ನೋಡುತ್ತ ನಡೆದ. ಧೂಳಿನಲ್ಲಿ ತನ್ನದೇ ಹೆಜ್ಜೆಗಳು ಮನೆಯ ಕಡೆ ಬೆರಳು ಮಾಡಿಕೊಂಡು ಬಿದ್ದಿದ್ದವು. ಅವಳು ದಿನಾ ಇದನ್ನು ಹೊತ್ತು ತಿರುಗುತ್ತಾಳೆ ಎಂದು ಅವನಿಗೆ ಆಗ ಅನ್ನಿಸಿತು. ತಾನು ಅವಳ ಪಕ್ಕದಲ್ಲಿ ನಡೆಯುವಾಗ ಒಂದು ಮಾರು ದೂರ ಸರಿಯುತ್ತಿದ್ದದ್ದೂ ನೆನಪಾಯಿತು.

ಬಸ್ ನಿಲ್ದಾಣದಲ್ಲಿ ಗದ್ದಲವೋ ಗದ್ದಲ. ಬಸ್ಸಿನ ಮೇಲೆ ಹಗುರದವರು ಜೇಬಿಗೆಲ್ಲ ಕಲ್ಲು ತುಂಬಿಕೊಂಡು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಾಮಾನು ಕಟ್ಟುತ್ತಿದ್ದರು. ಗಾಳಿ ಬಂದರೆ ಗಾಳಿಪಟದಂತೆ ಮೇಲೇಳುತ್ತಿದ್ದರು. ಕಂಡಕ್ಟರು ಹಗ್ಗ ಜಗ್ಗಿ ಬೈಯುತ್ತಿದ್ದ. ಕೊನೆಯ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ಕಂಡ ಕೂಡಲೇ ಹೋದ ಜೀವ ಬಂದಂತಾಯಿತು. ಹತ್ತಿರ ಹೋಗಿ ನೋಡಿದರೆ ಮತ್ತೆ ಗಲಿಬಿಲಿ. ಅವಳ ಒಂದು ಕಾಲಿಗೆ ನೇರ ಬೂಟು, ಇನ್ನೊಂದು ಕಾಲು ಬರಿದು. ಒಂದು ಪಾದ ಬಸ್ಸಿನ ಕಡೆ, ಒಂದು ಪಾದ ಊರಿನ ಕಡೆ. ಬರಿಗಾಲಿನ ಬೂಟು ಮಡಿಲಲ್ಲಿತ್ತು.

ಅವಳು ಅವನ ಮುಖ ನೋಡಲಿಲ್ಲ. ಅವನ ಕಾಲನ್ನೇ ನೋಡಿದಳು. ಅವನು ಬಂದ ದಾರಿಯ ಧೂಳನ್ನು ನೋಡಿದಳು. ಮತ್ತೆ ಕಾಲು ನೋಡಿದಳು.

"ಇದೇನ್ರೀ?"

ಅವನು ಏನೋ ಹೇಳಲು ಹೋದ. ಬರೀ ಗಂಟಲಿನ ಸದ್ದು ಬಂತು.

"ಮೊದ್ಲು ಬಾಯಲ್ಲಿರೋದನ್ನ ಉಗೀರಿ."

ಆಗಲೇ ಅವನಿಗೆ ಗೊತ್ತಾದದ್ದು. ಮನೆಯಿಂದ ನಿಲ್ದಾಣದವರೆಗೆ, ಬಿದ್ದೂ ಎದ್ದೂ, ಉಳಿದ ಮೊಳೆಗಳನ್ನು ತುಟಿಯಲ್ಲಿ ಹಿಡಿದುಕೊಂಡೇ ಬಂದಿದ್ದ. ಅಂಗೈಗೆ ಉಗಿದು ಜೇಬಿಗೆ ಹಾಕಿಕೊಂಡ. ಬೆಂಚಿನ ತುದಿಯಲ್ಲಿ ಕೂತ.

"ನನಗೆ ಗೊತ್ತಿರಲಿಲ್ಲ ಕಣೇ. ನಿಮ್ಮಲ್ಲಿ ಅದು ಹಾಗೆ ಅಂತ ನನಗೆ ಗೊತ್ತೇ ಇರಲಿಲ್ಲ. ಅತ್ತೆ ಈಗ ಹೇಳಿದ್ರು."

"ಗೊತ್ತಿಲ್ಲದೆ ಅಷ್ಟು ಚೆನ್ನಾಗಿ ಹೊಲಿದ್ರಾ?"

"ಪೇಟೇಲಿ ಜನ ನಿನ್ನ ನೋಡೋದು ತಪ್ಪಲಿ ಅಂತ ಹೊಲಿದೆ."

ಅವಳು ಮಡಿಲಲ್ಲಿದ್ದ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದನ್ನ ಎರಡೂ ಕಾಲಿಗೆ ಹಾಕ್ಕೊಂಡು ಪೇಟೆ ದಾಟಿದೆ. ಒಬ್ಬರೂ ನೋಡಲಿಲ್ಲ. ಹಣ್ಣಿನೋಳು ಪಕ್ಕದೋಳಿಗೆ ಹೇಳೋ ಹಾಗೆಯೇ ನನಗೂ ದರ ಹೇಳಿದ್ಲು. ನಿಜ ಹೇಳ್ತೀನಿ, ಹಾಯ್ ಅನ್ನಿಸ್ತು. ಆಮೇಲೆ ಇಲ್ಲಿ ಕೂತೆ. ಎರಡು ಬಸ್ಸು ಹೋದವು. ಹತ್ತೋಣ ಅಂದ್ರೆ ಯಾವ ಕಾಲು ಮೊದ್ಲು ಎತ್ತಬೇಕು ಅಂತ ಗೊತ್ತಾಗಲಿಲ್ಲ. ಒಂದು ಬಿಚ್ಚಿದೆ. ಇನ್ನೊಂದು ಬಿಚ್ಚೋಕೆ ಮನಸ್ಸು ಬರಲಿಲ್ಲ." ಬೂಟನ್ನು ಮತ್ತೆ ಮಡಿಲಿಗಿಟ್ಟುಕೊಂಡು ಕೇಳಿದಳು: "ಒಂದು ಮಾತು ಕೇಳ್ತೀನಿ. ತಲೆಯಾಡಿಸಬೇಡಿ. ನನ್ನ ಕಾಲು ಕಂಡ್ರೆ ನಿಮಗೆ ನಾಚಿಕೆ ಆಗುತ್ತಾ?"

ಇಲ್ಲ ಎನ್ನುವುದು ಸುಲಭವಿತ್ತು. ಬಾಯಲ್ಲಿ ಮೊಳೆ ಇದ್ದಿದ್ದರೆ ಇನ್ನೂ ಸುಲಭವಿತ್ತು.

"ಮನೇಲಿ ಆಗಲ್ಲ," ಎಂದ. "ಪೇಟೇಲಿ ಆಗುತ್ತೆ. ಆಗ್ತಿತ್ತು. ಇವತ್ತು ನನ್ನನ್ನೇ ನೋಡಿದ್ರು, ಒಬ್ಬಳು ಮಗು ಕಣ್ಣು ಮುಚ್ಚಿದ್ಲು. ನಿನ್ನ ಜೊತೆ ಹೋಗುವಾಗ ನಾನು ದೂರ ದೂರ ನಡೀತಿದ್ದೆ, ಅದು ನಿನಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು."

"ನನಗೆ ಈಗ ಗೊತ್ತಾಯ್ತು."

ಮೂರನೆಯ ಬಸ್ಸು ಹೊರಟಿತು. ಹಗುರದವನೊಬ್ಬ ಹಗ್ಗದ ತುದಿಯಲ್ಲಿ ತೇಲುತ್ತ ಹೋದ. ಅವಳು ಬಗ್ಗಿ ಇನ್ನೊಂದು ಬೂಟಿನ ದಾರ ಬಿಚ್ಚಿದಳು.

"ಬಾ, ಮನೆಗೆ ಹೋಗೋಣ," ಎಂದ. "ನಾನು ಹೊರಟಾಗ ಬೆರಳು ಮನೆ ಕಡೆಗೇ ಇತ್ತು. ಬೇಕಾದ್ರೆ ಅತ್ತೇನ ಕೇಳು. ಹೆಜ್ಜೆ ಬಿಚ್ಚೋಕೆ ಬರುತ್ತೇನೋ ಅಂತ ಈ ಬೂಟು ಮಾಡಿಕೊಂಡೆ. ಬರಲಿಲ್ಲ. ಬೀಳೋಕೆ ಮಾತ್ರ ಬಂತು."

ಅವಳು ನಗಲಿಲ್ಲ, ಆದರೆ ಎದ್ದಳು. ಅವನ ತೋಳು ಹಿಡಿದುಕೊಂಡಳು, ಬೀಳದಿರಲಿ ಎಂದು. ಹಾಗೆ ಇಬ್ಬರೂ ಪೇಟೆಯ ನಡುವೆ ನಡೆದರು. ಅವಳು ಬರಿಗಾಲಲ್ಲಿ, ಅವನು ಆ ಅನಾಚಾರದ ಬೂಟಲ್ಲಿ. ನೋಡುವವರು ನೋಡಿದರು. ದಾರಿಯಲ್ಲಿ ಅವಳು ಒಂದೇ ಒಂದು ಮಾತು ಕೇಳಿದಳು.

"ಬೆಳಿಗ್ಗೆ ಅಷ್ಟು ಬೇಗ ಎದ್ದು ಏನು ಬಡೀತಿದ್ರಿ?"

"ಉದ್ದನೆಯವನ ಬೂಟು. ಯಾಕೆ?"

"ಏನಿಲ್ಲ," ಎಂದಳು.

ಓಣಿಗೆ ಬರುವಷ್ಟರಲ್ಲಿ ಸಂಜೆಯಾಗಿತ್ತು. ಉದ್ದನೆಯವನು ಅತ್ತೆ ಎತ್ತಿಕೊಟ್ಟ ಹೊಸ ಬೂಟು ಹಾಕಿಕೊಂಡು ಕಂಬದ ದೀಪ ಒರೆಸುತ್ತಿದ್ದ. ಅತ್ತೆ ಜಗಲಿಯ ಮೇಲೆಯೇ ಇದ್ದಳು. ಮಗಳನ್ನು ನೋಡಿ, "ಚಹಾ ತಣ್ಣಗಾಗಿ ಹೋಯ್ತು, ಯಾರ ಮನೇಲೂ ಇಂಥ ಚಹಾ ಇಲ್ಲಮ್ಮ" ಎಂದು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ಸಿಮೆಂಟು ಕಲ್ಲಾಗಿತ್ತು. ಅಷ್ಟರಲ್ಲಿ ಬಕೆಟ್ಟಿನ ಮೇಲಿದ್ದ ಮೇಸ್ತ್ರಿ ಬಾಯಿ ತೆರೆದ.

"ಅಯ್ಯೋ, ಕಾಲಿಡಬೇಡಮ್ಮ," ಎಂದ. "ಹಸಿ ಇದೆ."

"ಬೆಳಿಗ್ಗೇದು ಈಗ ಬಂತು," ಎಂದ ಮೊಳೆಬಾಯಿ. ಅವನು ಕೇಳಿದ ಪ್ರಶ್ನೆಯ ಸರದಿ ಇನ್ನೂ ಬಂದಿರಲಿಲ್ಲ. ಅದಕ್ಕೂ ಮುಂಚೆ, ನಸುಕಿನಲ್ಲಿ ನಡೆದದ್ದಕ್ಕೆ ಮೇಸ್ತ್ರಿಯೊಳಗೆ ಹುಟ್ಟಿದ ಮಾತುಗಳು ಸಾಲಾಗಿ ಹೊರಬೀಳಬೇಕಿತ್ತು. ಹೆಂಡತಿಯ ಮುಖ ಬಿಳಿಚಿಕೊಂಡಿತು. ಅವನ ತೋಳು ಎಳೆದಳು.

"ಒಳಗೆ ಹೋಗೋಣ ಬನ್ನಿ. ಅದೇನು ಕೇಳ್ತೀರಿ."

ಮೇಸ್ತ್ರಿ ನಿಧಾನವಾಗಿ, ಒಂದೊಂದು ಮಾತಿಗೂ ಬಿಡುವು ಕೊಟ್ಟು, ಎದುರಿಗೆ ಯಾರೂ ಇಲ್ಲದ ಓಣಿಯನ್ನು ನೋಡುತ್ತ ಹೇಳುತ್ತಲೇ ಹೋದ.

"ಬೂಟು ಯಾಕೆ ಬಿಚ್ಚಿದೆ ತಾಯಿ, ಕಂಬದ ಹತ್ರ ಕೂತು?"

"ಮತ್ತೆ ಬಂದ್ಯಾ? ಬರಿಗಾಲಲ್ಲಿ ಬಂದ್ರೂ ಹಸಿ ಹಸಿಯೇ ಅಮ್ಮ."

"ಅದೇ ಹೆಜ್ಜೆ ಮೇಲೇ ಇಡ್ತಿದ್ದೀಯಾ. ಹಾಗಾದ್ರೆ ಬಾ. ನಿಧಾನ."

ಮೊಳೆಬಾಯಿ ಸಿಮೆಂಟಿನ ಮೇಲೆ ಮಂಡಿಯೂರಿದ. ಬೆಳಿಗ್ಗೆ ಕುಸಿದಿದೆ ಎಂದುಕೊಂಡಿದ್ದ ಜಾಗ ಬೆರಳಿಂದ ಮುಟ್ಟಿ ನೋಡಿದ. ತನ್ನ ಹೊಲಿಗೆಯ ಗುರುತಿನ ಒಳಗೆ ಒಂದು ಬರಿಗಾಲಿನ ಗುರುತು ಕೂತಿತ್ತು. ಬೆರಳಿಗೆ ಬೆರಳು, ಹಿಮ್ಮಡಿಗೆ ಹಿಮ್ಮಡಿ. ಪ್ರತಿ ಹೆಜ್ಜೆಯಲ್ಲೂ ಇತ್ತು, ಹೊಸ್ತಿಲವರೆಗೂ. ಅವಳು ಹೋಗಿದ್ದಳು, ತನ್ನ ಹೆಜ್ಜೆಯನ್ನು ತಾನೇ ಬಿಚ್ಚಿಕೊಂಡು ವಾಪಸ್ಸು ಬಂದಿದ್ದಳು. ಅವನು ಅಂಚಿನ ಹೊಲಿಗೆ ನೋಡಿ ಹಿಗ್ಗಿದ್ದ, ಒಳಗೆ ನೋಡಿರಲಿಲ್ಲ.

"ಜೋರಾಗಿ ತಟ್ಟಮ್ಮ," ಎಂದ ಮೇಸ್ತ್ರಿ. "ಒಳಗೆ ಸುತ್ತಿಗೆ ಸದ್ದು."

ಅತ್ತೆ ಕೋಲೂರಿ ಎದ್ದು ನಿಂತಳು.

"ಇನ್ನೊಂದು ಸಲ ತಟ್ಟು. ತೆಗೀತಾನೆ."

"ಅಳಬೇಡ ತಾಯಿ."

"ಜಗಲಿ ಮೇಲಿಂದ ಯಾಕೆ ಹೋಗ್ತೀಯ? ಈಗ ಸಿಮೆಂಟಿನ ಮೇಲೇ ಹೋಗು, ಪರವಾಗಿಲ್ಲ."

ಆಮೇಲೆ ಮೇಸ್ತ್ರಿ ಸುಮ್ಮನಾದ. ಮೊಳೆಬಾಯಿ ಮಂಡಿಯೂರಿದ್ದಲ್ಲಿಂದ ಏಳಲಿಲ್ಲ. ನಸುಕಿನಲ್ಲಿ ತಟ್ಟಿದ ಆ ಸದ್ದು ಅವನ ಕಿವಿಯಲ್ಲೇ ಇತ್ತು. ತೊಲಗಿದರು ಎಂದುಕೊಂಡಿದ್ದ ಆ ಮಾತೂ ಇತ್ತು. ಅದನ್ನು ಅವಳಿಗೆ ಹೇಳಲು ಅವನಿಗೆ ನಾಲಗೆ ಏಳಲಿಲ್ಲ.

"ಜಗಲಿ ಮೇಲೆ ಯಾಕೆ ಹೋದೆ?" ಎಂದಷ್ಟೇ ಕೇಳಿದ.

"ಬೂಟು ಹಾಕ್ಕೊಂಡು ಹೋದ್ರೆ ಮತ್ತೆ ಬರಲ್ಲ ಅಂತಾಗುತ್ತೆ. ಬರಿಗಾಲಲ್ಲಿ ಹೋದ್ರೆ ಬರ್ತೀನಿ ಅಂತಾಗುತ್ತೆ. ನನಗೆ ಯಾವುದು ಅಂತ ಗೊತ್ತಿರಲಿಲ್ಲ. ಅದಕ್ಕೆ ಗುರುತೇ ಬೀಳದ ಕಡೆ ಹೋದೆ," ಎಂದಳು. "ನೀವು ಬೇಕಂತಲೇ ತೆಗೀಲಿಲ್ಲ ಅಂದುಕೊಂಡೆ."

"ಗಿರಾಕಿ ಅಂದುಕೊಂಡೆ ಕಣೇ. ನೀನು ಅಂತ ಗೊತ್ತಿದ್ರೆ ಮೊಳೆ ನುಂಗಿಯಾದ್ರೂ ಬರ್ತಿದ್ದೆ."

ಅವಳು ಬಗ್ಗಿ ಅವನ ತೋಳು ಹಿಡಿದು ಎಬ್ಬಿಸಿದಳು. ಆಮೇಲೆ ಕೈಯಲ್ಲಿದ್ದ ನೇರ ಬೂಟುಗಳನ್ನು ಅವನ ಕೈಗೆ ಕೊಟ್ಟಳು.

"ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳಿ."

ಅವನು ಒಳಗೆ ಹೋಗಿ ಅಗುಳಿ ಹಾಕಿದ. ಕತ್ತಲಲ್ಲಿ ಬಾಗಿಲ ಹಿಂದೆ ನಿಂತ. ಬೂಟು ಎದೆಗವಚಿಕೊಂಡಿದ್ದ. ಹೊರಗೆ ಅವಳು ಕಂಬದವರೆಗೆ ಜಗಲಿಯ ಮೇಲೆ ನಡೆದು ಹೋಗಿ, ಅಲ್ಲಿಂದ ಕಲ್ಲಾದ ಹೆಜ್ಜೆಗಳಲ್ಲಿ ಒಂದೊಂದಾಗಿ ಪಾದ ಇಡುತ್ತ ಬರುತ್ತಿದ್ದಳು. ಬರಿಗಾಲಿಗೆ ಸದ್ದಿರಲಿಲ್ಲ. ಎಷ್ಟು ಹೊತ್ತಾಯಿತೋ ಅವನಿಗೆ ಗೊತ್ತಾಗಲಿಲ್ಲ. ಬರುವುದಿಲ್ಲವೇನೋ ಎಂದು ಒಮ್ಮೆ ಅಗುಳಿಗೆ ಕೈ ಹಾಕಿ ಹಿಂತೆಗೆದ.

ಬಾಗಿಲು ತಟ್ಟಿದ ಸದ್ದಾಯಿತು.

"ಯಾರು?" ಎಂದ.

"ನಾನು."

ಅವನು ಅಗುಳಿ ತೆಗೆದ. ಬೀದಿದೀಪ ಹೊತ್ತಿಕೊಂಡಿತ್ತು. ಬಕೆಟ್ಟಿನ ಮೇಲೆ ಕೂತ ಮೇಸ್ತ್ರಿ ಬಾಗಿಲು ತೆರೆದದ್ದನ್ನು ನೋಡಿದ. ಮೊಳೆಬಾಯಿಯ ಪ್ರಶ್ನೆಗೆ ಉತ್ತರವನ್ನು ಬಾಗಿಲು ಹಾಕಿದ್ದಾಗಲೇ ಹೇಳಿ ಮುಗಿಸಿದ್ದ; ಆ ಹೊತ್ತಿಗೆ ಅವನ ಬಾಯಲ್ಲಿದ್ದದ್ದು, "ಬಿದ್ದೀಯಪ್ಪ, ಹಿಂದುಮುಂದು ಬೂಟು ಹಾಕ್ಕೊಂಡು ಸಿಮೆಂಟು ತುಳೀತೀಯಲ್ಲ" ಎನ್ನುವ ಹಳೆಯ ಮಾತು. ಮಾರನೆಯ ಬೆಳಿಗ್ಗೆ, ಓಣಿಯವರೆಲ್ಲ ಹೊಸ ಸಿಮೆಂಟಿನ ಮೇಲೆ ಓಡಾಡುತ್ತಿರುವಾಗ, ಒಳಗಿಂದ ಗಂಡ ಹೆಂಡತಿಯ ಮಾತು ಕೇಳಿಸುತ್ತಿರುವಾಗ, ಮೇಸ್ತ್ರಿ ಇದ್ದಕ್ಕಿದ್ದಂತೆ ಹೇಳಿದ:

"ತೆಗೆದ ನೋಡಮ್ಮ."